ತೊಳೆಯುವವನ ಲೆಕ್ಕ

ಎಂಬತ್ನಾಲ್ಕು ಗ್ಲಾಸು. ಹೋದ ತಿಂಗಳವರೆಗೆ ಎಂಬತ್ತೈದು.
ಅರಸೀಕೆರೆಯ ಕೊಬ್ಬರಿ ಮಾರ್ಕೆಟ್ಟಿನ ಹಿಂದಿನ ಬೀದಿ,
ನಮ್ಮ ಬಾರಿನ ಹಿತ್ತಲಲ್ಲಿ ಒಂದು ನಲ್ಲಿ, ಎರಡು ಬೋಗುಣಿ:
ಒಂದರಲ್ಲಿ ಸೋಪಿನ ನೀರು, ಒಂದರಲ್ಲಿ ಬರೀ ನೀರು.
ಹನ್ನೊಂದು ವರ್ಷ ಅಲ್ಲೇ ನೆನೆದು, ಅಲ್ಲೇ ಒಣಗಿ,
ಹೆಬ್ಬೆಟ್ಟಿನ ಗೆರೆ ಅಳಿಸಿಹೋಗಿ,
ರೇಷನ್ ಅಂಗಡಿಯ ಮಿಷನ್ನು
ನಾನು ನಾನೇ ಅಂತ ಒಪ್ಪುವುದಿಲ್ಲ.

ಆ ಎಂಬತ್ತೈದನೆಯದರ ಗುರುತು ನನಗುಂಟು.
ತಳದಲ್ಲಿ ಸಾಸಿವೆಯಷ್ಟು ಗುಳ್ಳೆ,
ಗಾಜು ಹುಟ್ಟುವಾಗ ಸಿಕ್ಕಿಕೊಂಡ ಯಾರದೋ ಉಸಿರು.
ಅವತ್ತು ಒಂಬತ್ತೂ ಕಾಲಿಗೆ ಅದನ್ನು ತೊಳೆದೆ,
ಒರೆಸಿ ಬೆಳಕಿಗೆ ಹಿಡಿದು ನೋಡಿದೆ, ಒಂದು ಕಲೆಯಿಲ್ಲ.
ಒಂಬತ್ತೂವರೆಗೆ ಅದು
ಹಮಾಲಿ ಷಡಕ್ಷರಿಯ ಎಡಗಣ್ಣಿನಲ್ಲಿತ್ತು.

ಜಗಳ ಹೆಣ್ಣಿಗಲ್ಲ, ಹೊನ್ನಿಗಲ್ಲ, ಮಣ್ಣಿಗಲ್ಲ.
ಫ್ಯಾನಿನ ಕೆಳಗಿನ ಕುರ್ಚಿಗೆ.
ಆ ಫ್ಯಾನೂ ಸರಿಯಾಗಿ ತಿರುಗುವುದಿಲ್ಲ.
ಹೊಡೆದವನು ಲಾರಿ ಕ್ಲೀನರ್ ಹುಡುಗ, ಮೀಸೆ ಇನ್ನೂ ಕಪ್ಪಾಗಿರಲಿಲ್ಲ.
ಹೊಡೆದ ಮೇಲೆ ತನ್ನ ಕೈಯನ್ನೇ ನೋಡುತ್ತ ನಿಂತಿದ್ದ,
ಬೇರೆಯವರ ಕೈಯನ್ನು ಯಾರೋ ತಂದು ಜೋಡಿಸಿದಂತೆ.

ಸರ್ಕಲ್ ಸಾಹೇಬರು ಮೀಟಿಂಗ್ ಕರೆದರು.
ಬಾರಿನ ಮಾಲೀಕರೆಲ್ಲ ಬಂದರು. ಬೋಂಡಾ, ಕಾಫಿ.
ಕಾಫಿ ಗಾಜಿನ ಲೋಟದಲ್ಲೇ ಬಂತು, ತಂದುಕೊಟ್ಟವನು ನಾನು.
'ಇನ್ಮೇಲೆ ಗಾಜು ಬಂದ್. ಬೇರೆ ಏನಾದ್ರೂ ಇಡಿ.'
'ಸ್ಟೀಲಲ್ಲಿ ಕುಡಿದರೆ ಮಜ್ಜಿಗೆ ಕುಡಿದಂಗೆ ಸಾರ್.'
'ಅಳತೆ ಕಾಣಲ್ಲ, ಅದಕ್ಕೇ ಇನ್ನೊಂದು ಜಗಳ.'
'ಬಾಟ್ಲೀನೂ ಗಾಜೇ ಅಲ್ವಾ?'
'ಹೊಡೆಯೋನಿಗೆ ಕುರ್ಚಿ ಕಾಲೂ ಸಾಕು ಬಿಡಿ.'
ನಮ್ಮ ಓನರ್ ಕಾಳೇಗೌಡರು ಮಾತಾಡಲಿಲ್ಲ,
ಮೊಬೈಲಿನಲ್ಲಿ ಲೆಕ್ಕ ಒತ್ತುತ್ತಿದ್ದರು:
ಯೂಸ್ ಅಂಡ್ ಥ್ರೋ ಲೋಟಕ್ಕೆ ಇಷ್ಟು,
ತೊಳೆಯುವವನ ಸಂಬಳ ಕಳೆದರೆ ಇಷ್ಟು.

ನನ್ನನ್ನು ಯಾರೂ ಕೇಳಲಿಲ್ಲ. ಕೇಳಿದ್ದರೆ
ಏನನ್ನುತ್ತಿದ್ದೆನೋ ನನಗೂ ಗೊತ್ತಿಲ್ಲ.

ನಮ್ಮೂರಿನ ಟೀ ಅಂಗಡಿಯಲ್ಲಿ
ನಮ್ಮ ಕೇರಿಯವರಿಗೆ ಗೂಟಕ್ಕೆ ತಗುಲಿಸಿದ ಬೇರೆ ಲೋಟ ಇತ್ತು.
ಕೇಸಾಗುತ್ತದೆ ಅಂತ ಅದನ್ನು ತೆಗೆದರು,
ಪ್ಲಾಸ್ಟಿಕ್ ಲೋಟ ತಂದರು. ಅದೂ ನಮಗೆ ಮಾತ್ರ.
'ಎಷ್ಟು ಕ್ಲೀನು ನೋಡು, ಕುಡಿದು ಬಿಸಾಕೋದು' ಅಂದರು.
ಅಪ್ಪ ಬಿಸಾಕಲಿಲ್ಲ. ಜೇಬಿನಲ್ಲಿಟ್ಟುಕೊಂಡು ಮನೆಗೆ ತಂದ,
ಮಾಡಿನ ಸಂದಿಗೆ ಸಿಕ್ಕಿಸಿದ. ಅದು ಏಳು ವರ್ಷ ಅಲ್ಲೇ ಇತ್ತು.

ಬಾರಿನಲ್ಲಿ ಹಾಗಿಲ್ಲ. ಯಾರ ತುಟಿಯ ಗ್ಲಾಸು
ಯಾರದರ ಜೊತೆ ಮುಳುಗಿ ಎದ್ದಿತೋ ನಾನೊಬ್ಬನೇ ಬಲ್ಲೆ.
ಗೌಡರು ಕುಡಿದಿಟ್ಟದ್ದರಲ್ಲಿ ನಮ್ಮ ಕೇರಿಯ ಹುಡುಗ,
ಅವನು ಇಟ್ಟದ್ದರಲ್ಲಿ ಅರ್ಚಕರ ಮೈದುನ.
ಊರು ಮಾಡದ ಕೆಲಸವನ್ನು
ಎರಡು ಬೋಗುಣಿ ಮಾಡುತ್ತಿದ್ದವು, ಸದ್ದಿಲ್ಲದೆ.

ಹಾಗಂತ ಆ ಕಣ್ಣಿಗೆ ಏನು ಹೇಳಲಿ?
ನೆಲ ಒರೆಸಿದವನೂ ನಾನೇ.
ಚೂರು ಆರಿಸುವಾಗ ಆ ತಳದ ತುಂಡು ಸಿಕ್ಕಿತು,
ಗುಳ್ಳೆ ಒಡೆದಿರಲಿಲ್ಲ.
ಹೋಗಲಿ, ಗಾಜು ಹೋಗಲಿ, ನನ್ನ ಕೆಲಸವೂ ಹೋಗಲಿ
ಅಂದುಕೊಂಡು ಮಲಗುತ್ತೇನೆ.
ಬೆಳಿಗ್ಗೆ ಎದ್ದರೆ ಮಗಳ ಸ್ಕೂಲಿನ ಫೀಸು.

ಇವತ್ತು ಮಧ್ಯಾಹ್ನ ಷಡಕ್ಷರಿ ಬಂದಿದ್ದ ಹಿತ್ತಲ ಬಾಗಿಲಿಗೆ,
ಹಾಸನದ ದೊಡ್ಡಾಸ್ಪತ್ರೆಯ ಹತ್ತಿ ಕಣ್ಣಿನ ಮೇಲೆ.
ಕುಡಿಯೋಕಲ್ಲ. ಬಿಸಿಲು. 'ನೀರು ಕೊಡೋ' ಅಂದ.
ಗ್ಲಾಸು ಎಂಬತ್ನಾಲ್ಕೂ ಗೋಣಿಚೀಲ ಸೇರಿದ್ದವು,
ಹೊಸ ಲೋಟದ ಬಂಡಲ್ ಬಂದಿರಲಿಲ್ಲ.
ಮೂಲೆಯಲ್ಲಿ ನನ್ನ ಸ್ಟೀಲ್ ಲೋಟ ಇತ್ತು, ಅಂಚು ನೆಗ್ಗಿದ್ದು.
ತುಂಬಿ ಕೊಟ್ಟೆ.

ಎತ್ತಿ ಕುಡಿಯಲಿಲ್ಲ, ಕಚ್ಚಿ ಕುಡಿದ;
ತಲೆ ಎತ್ತಿದರೆ ಕಣ್ಣು ನೋಯುತ್ತದಂತೆ.
ಅರ್ಧಕ್ಕೆ ನಿಲ್ಲಿಸಿ ಕೇಳಿದ: 'ಇದ್ಯಾರ್ದೋ ಲೋಟ?'
'ಅಂಗಡೀದು' ಅಂದೆ.

ಮಿಕ್ಕಿದ್ದನ್ನೂ ಕುಡಿದು ಹೋದ.
ಅಭ್ಯಾಸಬಲ, ತೊಳೆದು ಬೆಳಕಿಗೆ ಹಿಡಿದು ನೋಡಿದೆ.
ಸ್ಟೀಲು. ಆಚೆಗೇನೂ ಕಾಣಲಿಲ್ಲ.